ತನ್ನ ಚಿತ್ರವನ್ನು ತಾನೇ ಬರೆದವಳು

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ನಮ್ಮ ಹಿರಿಯರು ಕೇಳಿದರು. ಬೇಡ, ನಿಜ. ಆದರೆ ಹುಣ್ಣು ಹಣೆಯ ಮೇಲಿದ್ದರೆ? ಮನುಷ್ಯನು ಜಗತ್ತಿನಲ್ಲಿ ಎದುರಾದವರೆಲ್ಲರ ಮುಖವನ್ನೂ ನೇರವಾಗಿ ಕಾಣಬಲ್ಲನು. ತನ್ನ ಮುಖವೊಂದನ್ನು ಮಾತ್ರ ಹುಟ್ಟಿದಂದಿನಿಂದ ಕಣ್ಣು ಮುಚ್ಚುವ ತನಕ ಒಮ್ಮೆಯಾದರೂ ನೇರವಾಗಿ ಕಾಣಲಾರನು. ಕಾಣಬೇಕಾದರೆ ನೀರೋ ಗಾಜೋ ಉಜ್ಜಿದ ಲೋಹವೋ ನಡುವೆ ಬರಬೇಕು. ಇಲ್ಲವೆ ಇನ್ನೊಬ್ಬರು ಹೇಳಿದ್ದನ್ನು ನಂಬಬೇಕು. ನಂಬುವುದಾದರೂ ಯಾರನ್ನು? ಬೇಕಾದವರು ಇದ್ದುದಕ್ಕಿಂತ ಹೆಚ್ಚು ಹೇಳುತ್ತಾರೆ, ಬೇಡದವರು ಇದ್ದುದನ್ನೂ ಕಳೆದು ಹೇಳುತ್ತಾರೆ. ನಮಗೆ ಅತ್ಯಂತ ಸಮೀಪದಲ್ಲಿರುವ ವಸ್ತುವೇ ನಮ್ಮ ನೋಟಕ್ಕೆ ಅತ್ಯಂತ ದೂರವಾಗಿರುವುದು ಸೃಷ್ಟಿಯ ವಿನೋದಗಳಲ್ಲಿ ಒಂದೆಂದು ತೋರುತ್ತದೆ.

ಕನ್ನಡದಲ್ಲಿ ‘ಬಣ್ಣಿಸು’ ಎಂಬ ಕ್ರಿಯಾಪದಕ್ಕೆ ವಿವರಿಸು ಎಂಬ ಅರ್ಥವೂ ಉಂಟು, ಹೊಗಳು ಎಂಬ ಅರ್ಥವೂ ಉಂಟು. ಬಣ್ಣವೆಂಬ ಮಾತು ಅದರ ಬೆನ್ನಿಗೇ ನಿಂತಿದೆ. ತನ್ನನ್ನು ತಾನು ಬಣ್ಣಿಸಿಕೊಳ್ಳಬಾರದೆಂಬ ಪಾಠವನ್ನು ನಾವೆಲ್ಲರೂ ಅಕ್ಷರಾಭ್ಯಾಸಕ್ಕೆ ಮೊದಲೇ ಕೇಳಿದವರು. ಹಾಗಿರುವಾಗ, ಕುಂಚ ಹಿಡಿದು ಕನ್ನಡಿಯ ಎದುರಿಗೆ ದಿನಗಟ್ಟಲೆ ಕುಳಿತು, ತನ್ನ ರೂಪವನ್ನೇ ಬಣ್ಣದಲ್ಲಿ ಬರೆದು, ಅದನ್ನು ಊರೆಲ್ಲ ನೋಡುವಂತೆ ಪ್ರದರ್ಶನಕ್ಕೆ ಕಳುಹಿಸುವ ಚಿತ್ರಕಾರರನ್ನು ಕುರಿತು ಏನು ಹೇಳೋಣ? ಅದು ಆತ್ಮಸ್ತುತಿಯ ಇನ್ನೊಂದು ಬಗೆಯೆ? ಬಣ್ಣಿಸದೆಯೇ ಬಣ್ಣದಲ್ಲಿ ತನ್ನನ್ನು ಬರೆದುಕೊಳ್ಳುವುದು ಸಾಧ್ಯವೆ? ಮೇಲುನೋಟಕ್ಕೆ ಇದು ಕಲಾವಿದರಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆಯಂತೆ ಕಾಣಬಹುದು. ಆದರೆ ಕುಂಚವಿಲ್ಲದೆಯೂ ನಾವೆಲ್ಲರೂ ನಿತ್ಯವೂ ಮನಸ್ಸಿನಲ್ಲಿ ನಮ್ಮ ಚಿತ್ರವೊಂದನ್ನು ಬರೆಯುತ್ತ, ತಿದ್ದುತ್ತ, ನೆರೆಯವರಿಗೆ ತೋರಿಸುತ್ತ ಇರುವವರೇ ಆದುದರಿಂದ, ಇದು ನಮ್ಮೆಲ್ಲರ ಪ್ರಶ್ನೆಯೂ ಹೌದು.

ಈ ವಿಚಾರಕ್ಕೆ ಆಧಾರವಾಗಿ ಒಂದು ಚಿತ್ರಪಟವನ್ನು ಓದುಗರ ಮುಂದೆ ಇಡಬಯಸುತ್ತೇನೆ. ಅದು ಪೋಲೆಂಡ್ ದೇಶದ ಕ್ರಾಕೋವ್ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸೇರಿದ ತೈಲಚಿತ್ರ. ಬರೆದವಳು ಆನ್ನಾ ಬಿಲಿನ್‌ಸ್ಕಾ ಎಂಬ ಪೋಲಿಷ್ ಮಹಿಳೆ. ಬರೆದ ವರ್ಷ 1887, ಸ್ಥಳ ಪ್ಯಾರಿಸ್. ಸುಮಾರು 117 ಸೆಂಟಿಮೀಟರ್ ಎತ್ತರ, 90 ಸೆಂಟಿಮೀಟರ್ ಅಗಲದ ಈ ಪಟದಲ್ಲಿ ಇರುವುದು ಆಕೆ ಒಬ್ಬಳೇ.

ಸಾದಾ ಕುರ್ಚಿಯ ಮೇಲೆ ಒಬ್ಬ ಹೆಣ್ಣುಮಗಳು ಕುಳಿತಿದ್ದಾಳೆ. ಮೈಮೇಲೆ ಕಪ್ಪು ಉಡುಪು. ಅದರ ಮೇಲೆ ಕೆಲಸದ ವೇಳೆಯಲ್ಲಿ ಕಟ್ಟಿಕೊಳ್ಳುವ, ಬೂದಿಯೂ ಕಂದೂ ಬೆರೆತ ಬಣ್ಣದ ಏಪ್ರನ್. ಕೈಯಲ್ಲಿ ಕುಂಚಗಳೂ ಬಣ್ಣದ ಹಲಗೆಯೂ ಇವೆ. ತಲೆಗೂದಲು ಕೆದರಿದೆ, ಬಾಚಿ ಕಟ್ಟಿದ್ದು ಕೆಲಸದ ಭರದಲ್ಲಿ ಸಡಿಲಿದಂತೆ ಎಳೆಗಳು ಹಣೆಯ ಸುತ್ತ ಎದ್ದು ನಿಂತಿವೆ. ಹಿಂದುಗಡೆ ಒಂದು ಬಟ್ಟೆಯ ತೆರೆ ಇಳಿಬಿದ್ದಿದೆ. ಹೂವಿಲ್ಲ, ಕಿಟಕಿಯಿಲ್ಲ, ಪುಸ್ತಕದ ಕಪಾಟಿಲ್ಲ, ದೂರದ ಗುಡ್ಡವಿಲ್ಲ. ಮುಖ ರೂಢಿಯ ಅರ್ಥದಲ್ಲಿ ಸುಂದರವೆನ್ನುವಂತಹುದಲ್ಲ. ಸುಂದರಗೊಳಿಸುವ ಪ್ರಯತ್ನವೂ ನಡೆದಿಲ್ಲ. ಕಣ್ಣುಗಳು ನೇರವಾಗಿ ನಮ್ಮನ್ನೇ ನೋಡುತ್ತವೆ. ಆ ನೋಟದಲ್ಲಿ ಬೇಡಿಕೆಯಿಲ್ಲ, ಬೆದರಿಕೆಯೂ ಇಲ್ಲ. ಇಡೀ ಪಟದಲ್ಲಿ ಕಪ್ಪು, ಕಂದು, ಬೂದಿ ಇವುಗಳದೇ ರಾಜ್ಯ. ಅಲಂಕಾರವೆಂದು ತೋರಿಸಿ ಹೇಳಬಹುದಾದದ್ದು ಏನೂ ಇಲ್ಲದಿದ್ದರೂ ಒಮ್ಮೆ ನೋಡಿದವರಿಗೆ ಮರೆಯುವುದು ಕಷ್ಟ.

ಇವಳು ಯಾರು, ಆ ಕಪ್ಪು ಉಡುಪು ಏಕೆ ಎಂಬುದನ್ನು ಹೇಳದೆ ಮುಂದೆ ಹೋಗಲಾಗದು.

ಆನ್ನಾ ಬಿಲಿನ್‌ಸ್ಕಾ ಹುಟ್ಟಿದ್ದು 1854ರಲ್ಲಿ, ಇಂದು ಉಕ್ರೇನ್ ದೇಶದಲ್ಲಿರುವ, ಅಂದು ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿದ್ದ ಜ್ಲಾತೊಪಿಲ್ ಎಂಬ ಊರಿನಲ್ಲಿ. ತಂದೆ ವೈದ್ಯ. ಆಗ ಪೋಲೆಂಡ್ ಎಂಬ ಸ್ವತಂತ್ರ ರಾಜ್ಯ ಭೂಪಟದ ಮೇಲೆ ಇರಲಿಲ್ಲ. 1772ರಲ್ಲಿಯೂ 1795ರಲ್ಲಿಯೂ ರಷ್ಯಾ, ಪ್ರಶ್ಯಾ, ಆಸ್ಟ್ರಿಯಾಗಳು, 1793ರಲ್ಲಿ ರಷ್ಯಾ, ಪ್ರಶ್ಯಾಗಳು, ಹೀಗೆ ಮೂರು ಬಾರಿ ಆ ನಾಡನ್ನು ಹರಿದು ಹಂಚಿಕೊಂಡಿದ್ದವು. 1918ರವರೆಗೆ ಅದು ಮತ್ತೆ ಒಂದು ರಾಜ್ಯವಾಗಲಿಲ್ಲ. ದೇಶ ಅಳಿಸಿಹೋದ ಮೇಲೂ ಭಾಷೆ ಉಳಿದಿತ್ತು, ಹಾಡು ಉಳಿದಿತ್ತು, ಚಿತ್ರ ಉಳಿದಿತ್ತು. ಹುಡುಗಿಯ ಬಾಲ್ಯದಲ್ಲಿ ಕುಟುಂಬವು ರಷ್ಯಾದ ಒಳನಾಡಿನ ವ್ಯಾತ್ಕಾ ಎಂಬ ಊರಿಗೆ ಹೋಯಿತು. 1863ರ ಪೋಲಿಷ್ ದಂಗೆಯಲ್ಲಿ ಭಾಗವಹಿಸಿದ್ದಕ್ಕಾಗಿ ಗಡೀಪಾರಾಗಿದ್ದ ಆಂಡ್ರಿಯೊಲ್ಲಿ ಎಂಬ ಚಿತ್ರಕಾರ ಅಲ್ಲಿದ್ದನು. ಆಕೆಗೆ ರೇಖೆಗಳ ಮೊದಲ ಪಾಠಗಳು ದೊರೆತದ್ದು ಅವನಿಂದ. ಶಿಕ್ಷೆಯಾಗಿ ದೂರ ಅಟ್ಟಿದವನು ಹೋದಲ್ಲಿ ಗುರುವಾದನು.

ಮುಂದೆ ತಾಯಿಯೊಡನೆ ವಾರ್ಸಾಗೆ ಬಂದು ಮೊದಲು ಸಂಗೀತ, ಅನಂತರ ವೊಯ್ಚೆಕ್ ಗೆರ್ಸನ್ ಎಂಬ ಪ್ರಸಿದ್ಧ ಗುರುವಿನಲ್ಲಿ ಚಿತ್ರಕಲೆ. 1882ರಲ್ಲಿ ಕ್ಲೆಮೆಂಟಿನಾ ಕ್ರಾಸೊವ್‌ಸ್ಕಾ ಎಂಬ ಗೆಳತಿಯೊಡನೆ ಯುರೋಪಿನ ಚಿತ್ರಶಾಲೆಗಳನ್ನು ನೋಡಲು ಹೊರಟವಳು ಕೊನೆಗೆ ಪ್ಯಾರಿಸ್ಸಿನಲ್ಲಿ ನೆಲೆಸಿದಳು. ಅಲ್ಲಿಯ ಸರಕಾರಿ ಕಲಾಶಾಲೆಯು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆ ಬಾಗಿಲು ತೆರೆದದ್ದು 1897ರಲ್ಲಿ, ಎಂದರೆ ಈಕೆ ತೀರಿಕೊಂಡು ನಾಲ್ಕು ವರ್ಷಗಳಾದ ಮೇಲೆ. ಹೆಣ್ಣುಮಕ್ಕಳಿಗೆ ತೆರೆದಿದ್ದದ್ದು ಅಕಾದೆಮಿ ಜ್ಯೂಲಿಯಾನ್‌ನಂತಹ ಖಾಸಗಿ ಶಾಲೆ. ಅಲ್ಲಿ ಅವರಿಗೆ ಬೇರೆ ಕೊಠಡಿ, ಪುರುಷರಿಗಿಂತ ಸುಮಾರು ಎರಡು ಪಟ್ಟು ಶುಲ್ಕ. ಒಂದೇ ವಿದ್ಯೆಗೆ ಎರಡು ಬೆಲೆ! ಆದರೂ ದೂರದ ದೇಶಗಳಿಂದ ಹೆಣ್ಣುಮಕ್ಕಳು ಬಂದು ಕಲಿತರು. ಬಿಲಿನ್‌ಸ್ಕಾ ಅಲ್ಲಿ ಒಳ್ಳೆಯ ವಿದ್ಯಾರ್ಥಿನಿಯೆನಿಸಿ, ಒಂದು ಕೊಠಡಿಯ ಮೇಲ್ವಿಚಾರಣೆಯನ್ನೂ ವಹಿಸಿಕೊಳ್ಳುವಷ್ಟು ಮೇಲೇರಿದಳು.

ಅಷ್ಟರಲ್ಲಿ ಸಾವುಗಳು ಬಂದವು. 1884-85ರ ಅಲ್ಪ ಅವಧಿಯಲ್ಲಿ ತಂದೆ ತೀರಿಕೊಂಡನು. ಒಡನಾಡಿಯಾಗಿದ್ದ ಗೆಳತಿ ಕ್ಲೆಮೆಂಟಿನಾ ತೀರಿಕೊಂಡಳು. ಮದುವೆಯಾಗಬೇಕೆಂದು ನಿಶ್ಚಯಿಸಿಕೊಂಡಿದ್ದ ಚಿತ್ರಕಾರ ವೊಯ್ಚೆಕ್ ಗ್ರಬೋವ್‌ಸ್ಕಿ ತೀರಿಕೊಂಡನು. ಪರದೇಶದಲ್ಲಿ ಒಂಟಿಯಾಗಿ ನಿಂತ ಹೆಣ್ಣುಮಗಳು ಕಲಿಕೆಯನ್ನು ಮುಂದುವರಿಸಲು ಸಾಧ್ಯವಾದದ್ದು ಸತ್ತ ಗೆಳತಿ ಆಕೆಯ ಹೆಸರಿಗೆ ಬಿಟ್ಟುಹೋದ ಹಣದಿಂದ. ಈ ಸಂಗತಿಯನ್ನು ನೆನೆದಾಗ ಚಿತ್ರದಲ್ಲಿ ಆಕೆ ಹಿಡಿದಿರುವ ಕುಂಚಗಳನ್ನು ನೋಡುವ ನಮ್ಮ ಕಣ್ಣೇ ಬೇರೆಯಾಗುತ್ತದೆ. ಅವು ಸತ್ತವರು ಕೊಟ್ಟ ಸಾಲ.

ಹೀಗೆ ಎರಡು ವರ್ಷ ಕಳೆದು 1887ರಲ್ಲಿ ಆಕೆ ಈ ಚಿತ್ರವನ್ನು ಬರೆದಳು. ಕಪ್ಪು ಉಡುಪಿನ ಕಾರಣ ಇದು.

ಈಗ ಮೂಲ ಪ್ರಶ್ನೆಗೆ ಬರೋಣ. ಇಷ್ಟು ದುಃಖವನ್ನು ಉಂಡವಳು ತನ್ನ ಮುಖವನ್ನೇ ಚಿತ್ರದ ವಸ್ತುವನ್ನಾಗಿ ಮಾಡಿಕೊಂಡದ್ದು ಏಕೆ? ಮೊದಲ ಉತ್ತರ ಬಹಳ ಸಾಮಾನ್ಯವಾದದ್ದು, ಆದುದರಿಂದಲೇ ನಾವು ಅದನ್ನು ಮರೆಯುತ್ತೇವೆ. ಚಿತ್ರಕಾರನ ಎದುರು ಗಂಟೆಗಟ್ಟಲೆ ಅಲುಗಾಡದೆ ಕುಳಿತುಕೊಳ್ಳುವ ರೂಪದರ್ಶಿಗೆ ಕೂಲಿ ಕೊಡಬೇಕು. ಕನ್ನಡಿಯೊಳಗಿನವಳು ಕೂಲಿ ಕೇಳುವುದಿಲ್ಲ, ಹೊತ್ತಾಯಿತೆನ್ನುವುದಿಲ್ಲ, ಚಿತ್ರ ತನ್ನಂತಿಲ್ಲವೆಂದು ಸಿಟ್ಟಾಗುವುದೂ ಇಲ್ಲ. ಲೋಕದ ಎಷ್ಟೋ ಸ್ವಂತ ಚಿತ್ರಗಳ ಹಿಂದೆ ಅಹಂಕಾರಕ್ಕಿಂತ ಮೊದಲು ಇರುವುದು ಕೈಕಟ್ಟಿದ ಸ್ಥಿತಿ.

ಆದರೆ ಇಷ್ಟಕ್ಕೇ ಆಕೆಯನ್ನು ನಿರಪರಾಧಿಯೆಂದು ಬಿಟ್ಟುಬಿಡುವುದು ವಿಚಾರವಂತರ ಲಕ್ಷಣವಲ್ಲ. ಅಭ್ಯಾಸಕ್ಕೆಂದು ಬರೆದ ಪಟವನ್ನು ಗೋಡೆಗೆ ಮುಖಮಾಡಿ ಇಡಬಹುದಿತ್ತು. ಆಕೆ ಹಾಗೆ ಮಾಡಲಿಲ್ಲ. ಪ್ಯಾರಿಸ್ಸಿನ ಸಲೋನ್ ಎಂಬ ದೊಡ್ಡ ವಾರ್ಷಿಕ ಪ್ರದರ್ಶನಕ್ಕೆ ಕಳುಹಿಸಿದಳು. ಅಲ್ಲಿ ಅದಕ್ಕೆ ಪದಕ ದೊರೆಯಿತು, ಹೆಸರು ಬಂತು. ಹೆಸರು ಬರಲಿ ಎಂಬ ಆಸೆ ಇರಲಿಲ್ಲವೆಂದು ಯಾರೂ ಆಣೆಯಿಟ್ಟು ಹೇಳಲಾರರು. ಅದೇ ಶಾಲೆಯಲ್ಲಿ ಕಲಿತು 1884ರಲ್ಲಿ ಎಳೆಯ ವಯಸ್ಸಿನಲ್ಲೇ ಕ್ಷಯದಿಂದ ತೀರಿಕೊಂಡ ಮರೀ ಬಾಷ್ಕಿರ್ತ್ಸೆಫ್ ಎಂಬವಳ ದಿನಚರಿ ಪುಸ್ತಕವಾಗಿ ಹೊರಬಂದದ್ದೂ ಇದೇ 1887ರಲ್ಲಿ. ಕೀರ್ತಿಯ ಹಸಿವನ್ನು ಅಷ್ಟು ಬಿಚ್ಚಿ ಹೇಳಿಕೊಂಡ ಬರವಣಿಗೆ ವಿರಳ. ಬಿಲಿನ್‌ಸ್ಕಾಳಿಗೂ ಆ ಹಸಿವು ಇದ್ದಿರಬಹುದು. ಇದ್ದರೆ ತಪ್ಪೇನು ಎಂದು ಕೇಳುವಷ್ಟು ಉದಾರವಾಗಿ ನಾನು ಯೋಚಿಸಲಾರೆ. ಹಸಿವು ಇದ್ದೂ ಅಡುಗೆಗೆ ಕಲಬೆರಕೆ ಮಾಡಿದಳೆ ಇಲ್ಲವೆ ಎಂಬುದೊಂದನ್ನೇ ನಾವು ಪರೀಕ್ಷಿಸಬಹುದು. ಆ ಪರೀಕ್ಷೆಗೆ ಪಟವೇ ಸಾಕ್ಷಿ.

ಪರೀಕ್ಷಿಸುವುದಕ್ಕೆ ಮುಂಚೆ ಕನ್ನಡಿಯ ಸ್ವಭಾವವನ್ನು ಸ್ವಲ್ಪ ನೋಡಬೇಕು. ಕನ್ನಡಿಯು ಸತ್ಯವನ್ನೇ ಹೇಳುತ್ತದೆಂಬುದು ಜನಜನಿತವಾದ ಮಾತು. ಪೂರ್ತಿ ನಿಜವಲ್ಲ. ಬಲಗೈ ಅಲ್ಲಿ ಎಡಗೈಯಾಗುತ್ತದೆ. ಬಲಗೈಯಲ್ಲಿ ಬರೆಯುವ ಚಿತ್ರಕಾರನು ಕಂಡದ್ದನ್ನು ಕಂಡಂತೆಯೇ ಬರೆದರೆ ಎಡಚನಾಗಿ ಕಾಣುತ್ತಾನೆ. ಇದು ಸಣ್ಣ ಮೋಸ, ಲೆಕ್ಕ ಹಾಕಿ ಸರಿಪಡಿಸಿಕೊಳ್ಳಬಹುದು. ದೊಡ್ಡ ಮೋಸ ಇನ್ನೊಂದಿದೆ. ಕನ್ನಡಿಯಲ್ಲಿ ನಮಗೆ ಕಾಣುವುದು ಕನ್ನಡಿ ನೋಡುತ್ತಿರುವ ಮುಖ ಮಾತ್ರ. ನಿದ್ರೆಯಲ್ಲಿರುವ ನಮ್ಮ ಮುಖ, ಬಡವನೊಬ್ಬ ಬಾಗಿಲಿಗೆ ಬಂದಾಗಿನ ನಮ್ಮ ಮುಖ, ನೆರೆಯವನ ಏಳಿಗೆಯ ಸುದ್ದಿ ಕೇಳಿದ ಕ್ಷಣದ ನಮ್ಮ ಮುಖ, ಇವು ಯಾವುವೂ ಅಲ್ಲಿ ಸಿಕ್ಕವು. ಕನ್ನಡಿಯ ಮುಂದೆ ನಿಲ್ಲುತ್ತಲೇ ಕೆನ್ನೆ ಸ್ವಲ್ಪ ಬಿಗಿಯುತ್ತದೆ, ಹುಬ್ಬು ತನ್ನಷ್ಟಕ್ಕೆ ಸರಿಯಾಗುತ್ತದೆ. ಮನುಷ್ಯನು ತನಗೇ ಅತಿಥಿಯಾಗಿ, ತನ್ನ ಮುಂದೆಯೇ ಮರ್ಯಾದೆಯಿಂದ ನಿಲ್ಲುತ್ತಾನೆ. ಕೈಯಳತೆಯ ಮೊಬೈಲು ಫೋನನ್ನು ಎತ್ತಿ ಹಿಡಿದು ತಮ್ಮ ಚಿತ್ರ ತಾವೇ ತೆಗೆದುಕೊಳ್ಳುವ ಈಗಿನ ತರುಣರಲ್ಲಿ ಆ ಕ್ಷಣದಲ್ಲಿ ಮೂಡುವ ಮುಖವನ್ನು ಗಮನಿಸಿದವರಿಗೆ ಇದು ಹೊಸ ಮಾತಲ್ಲ. ತರುಣರನ್ನಷ್ಟೇ ಅನ್ನುವುದೇಕೆ, ಹಿರಿಯರೂ ಅಷ್ಟೇ.

ಆದರೆ ಆ ಬಿಗಿದ ಮುಖವನ್ನು ಒಂದು ಕ್ಷಣ ಹಿಡಿದಿಡಬಹುದು, ಒಂದು ದಿನ ಹಿಡಿದಿಡಲಾಗದು. ಇಲ್ಲಿಯೇ ಕುಂಚದ ಕೆಲಸ ಬೇರೆಯಾಗುತ್ತದೆ. ಬಣ್ಣದಲ್ಲಿ ಬರೆಯುವವಳು ಕನ್ನಡಿಯನ್ನು ನೋಡಬೇಕು, ಪಟದ ಕಡೆ ತಿರುಗಬೇಕು, ಬಣ್ಣ ಬೆರೆಸಬೇಕು, ಮತ್ತೆ ಕನ್ನಡಿಯನ್ನು ನೋಡಬೇಕು. ಹೀಗೆ ನೂರಾರು ಬಾರಿ. ಮೊದಲ ಗಂಟೆ ಉಳಿದ ಮಂದಹಾಸ ಮೂರನೆಯ ಗಂಟೆಗೆ ಉಳಿಯುವುದಿಲ್ಲ. ಬೆನ್ನು ನೋಯುತ್ತದೆ, ಬೆಳಕು ಜಾರುತ್ತದೆ, ಅಂದ ಚೆಂದದ ಯೋಚನೆ ಹಿಂದೆ ಸರಿದು, ಮೂಗಿನ ಪಕ್ಕದ ನೆರಳು ಕಂದೋ ಹಸುರೋ ಎಂಬ ಒಣ ಪ್ರಶ್ನೆ ಮುಂದೆ ನಿಲ್ಲುತ್ತದೆ. ಆಗ ಎದುರಿನ ಮುಖವು ‘ನನ್ನದು’ ಎಂಬ ಭಾವ ತೆಳುವಾಗುತ್ತ ಬಂದು ‘ಒಂದು ಮುಖ’ ಎಂಬ ಭಾವ ಮೂಡುತ್ತದೆ. ಬಿಲಿನ್‌ಸ್ಕಾಳ ನೋಟದಲ್ಲಿ ಬೇಡಿಕೆಯಿಲ್ಲ, ಬೆದರಿಕೆಯಿಲ್ಲ ಎಂದು ಮೇಲೆ ಹೇಳಿದೆನಷ್ಟೆ. ಆಕೆ ನಮ್ಮನ್ನು ನೋಡುತ್ತಿಲ್ಲ ಎಂಬುದೇ ಅದರ ಕಾರಣ. ಅದು ಕೆಲಸಗಾರಳೊಬ್ಬಳು ತನ್ನ ಕೆಲಸದ ವಸ್ತುವನ್ನು ಅಳೆಯುತ್ತಿರುವ ನೋಟ. ನಾವು ಇಂದು ನಿಂತಿರುವ ಜಾಗದಲ್ಲಿ ಅಂದು ಕನ್ನಡಿ ನಿಂತಿತ್ತು.

ಪಟದ ಹಿನ್ನೆಲೆಯಲ್ಲಿ ಇಳಿಬಿದ್ದಿರುವ ಬಟ್ಟೆಯ ವಿಷಯವನ್ನು ಈಗ ಎತ್ತಬೇಕು. ಈ ಪಟದ ಅರ್ಥದ ಗಂಟು ಅಲ್ಲಿದೆಯೆಂದು ನನ್ನ ನಂಬಿಕೆ. ಅಂತಹ ತೆರೆಯನ್ನು ಚಿತ್ರಶಾಲೆಗಳಲ್ಲಿ ಇಳಿಬಿಡುತ್ತಿದ್ದುದು ರೂಪದರ್ಶಿಯ ಹಿಂದೆ. ಚಿತ್ರಕಾರನು ತನ್ನನ್ನು ಬರೆದುಕೊಳ್ಳುವಾಗ ಪಟದ ಪಕ್ಕದಲ್ಲಿ, ಚೌಕಟ್ಟಿನ ಮುಂದೆ, ಒಡೆಯನಂತೆ ನಿಲ್ಲುವುದು ಬಹುಕಾಲದ ಸಂಪ್ರದಾಯ. ಈಕೆ ಕುಂಚವನ್ನು ಕೈಯಲ್ಲಿ ಹಿಡಿದೇ ಹೋಗಿ, ಕೂಲಿಗೆ ಕೂರುವವರ ಕುರ್ಚಿಯಲ್ಲಿ ಕುಳಿತಿದ್ದಾಳೆ.

ಆ ಕುರ್ಚಿಯಲ್ಲಿ ಆಕೆಯ ಎದುರು ಹಿಂದೆ ಎಷ್ಟೋ ಜನ ಕುಳಿತಿದ್ದರು. 1884ರಲ್ಲಿ ಆಕೆ ಬರೆದ ಇನ್ನೊಂದು ಪಟದಲ್ಲಿ ಕಪ್ಪು ಮೈಬಣ್ಣದ ಒಬ್ಬ ಮಹಿಳೆ ಇದ್ದಾಳೆ. ಮೇಲ್ಭಾಗದ ಮೈ ಬರಿದು, ಕೈಯಲ್ಲಿ ಬೀಸಣಿಗೆ, ಕೊರಳಲ್ಲಿ ಸರ, ಮುಖದಲ್ಲಿ ಯಾವುದೋ ಎಂದೂ ಮುಗಿಯದ ಯೋಚನೆ. ಪಟ ಬಹಳ ಚೆನ್ನಾಗಿದೆ. ಆದರೆ ಅದರ ಶೀರ್ಷಿಕೆ ಆ ಮಹಿಳೆಯ ಹೆಸರನ್ನು ಹೇಳುವುದಿಲ್ಲ. ಜನಾಂಗವನ್ನು ಮಾತ್ರ ಹೇಳುತ್ತದೆ. ಆ ಪಟದ ಮುಂದಿನ ಕಥೆಯೂ ವಿಚಿತ್ರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಾರ್ಸಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಿಂದ ಅದು ಲೂಟಿಯಾಯಿತು. 2011ರಲ್ಲಿ ಬರ್ಲಿನ್ನಿನ ಹರಾಜೊಂದರಲ್ಲಿ ಕಾಣಿಸಿಕೊಂಡು, 2012ರಲ್ಲಿ ಪೋಲೆಂಡಿಗೆ ಹಿಂದಿರುಗಿತು. ಕದ್ದ ಪಟದ ಗುರುತನ್ನು ಅಷ್ಟು ವರ್ಷಗಳ ಮೇಲೂ ಹಿಡಿದರು. ಪಟದೊಳಗಿನವಳ ಹೆಸರನ್ನು ಶೀರ್ಷಿಕೆಯಲ್ಲಿ ಬರೆದಿಡುವ ಅಗತ್ಯ ಮಾತ್ರ ಅಂದು ತೋರಿರಲಿಲ್ಲ.

ಹೀಗೆ ಹೇಳುವುದು ಆಕೆಯನ್ನು ಹಳಿಯುವುದಕ್ಕಲ್ಲ; ಆ ಕಾಲದ ಚಿತ್ರಶಾಲೆಗಳ ಪದ್ಧತಿಯೇ ಹಾಗಿತ್ತು. ಆದರೂ ನೀತಿಯ ಪ್ರಶ್ನೆ ಉಳಿಯುತ್ತದೆ. ಇನ್ನೊಬ್ಬರನ್ನು ಎದುರಿಗೆ ಕೂರಿಸಿಕೊಂಡು, ಅವರ ಮೈಯ ಒಂದೊಂದು ಗೆರೆಯನ್ನೂ ಸಂಕೋಚವಿಲ್ಲದೆ ನೋಡಿ ಬರೆಯುವ ಕಣ್ಣಿಗೆ, ಅದೇ ಸಂಕೋಚವಿಲ್ಲದ ನೋಟವನ್ನು ತನ್ನ ಕಡೆಗೆ ತಿರುಗಿಸುವ ಧೈರ್ಯವುಂಟೆ? ನಮ್ಮಲ್ಲಿ ಬಹುಮಂದಿಗೆ ಎರಡು ಜೊತೆ ಕಣ್ಣುಗಳಿರುತ್ತವೆ. ಪರರನ್ನು ನೋಡುವ ಕಣ್ಣು ಹದ್ದಿನದು. ತನ್ನನ್ನು ನೋಡುವ ಕಣ್ಣು ತಾಯಿಯದು. ಪರರು ತಡವಾಗಿ ಬಂದರೆ ಸೋಮಾರಿಗಳು, ನಾವು ತಡವಾಗಿ ಬಂದರೆ ದಾರಿಯಲ್ಲಿ ಕೆಲಸವಿತ್ತು. ಕೆಲವರಲ್ಲಿ ಇದು ತಲೆಕೆಳಗಾಗಿ, ಪರರ ಮೇಲೆ ದಯೆಯೂ ತಮ್ಮ ಮೇಲೆ ಕ್ರೌರ್ಯವೂ ಇರುವುದುಂಟು. ಅದನ್ನು ನಾವು ವಿನಯವೆಂದು ಮೆಚ್ಚುತ್ತೇವೆ. ಆದರೆ ಅಲ್ಲಿಯೂ ತಕ್ಕಡಿ ಎರಡೇ. ಒಂದರಲ್ಲಿ ಲೋಕ, ಇನ್ನೊಂದರಲ್ಲಿ ತಾನು. ಒಂದೇ ತಕ್ಕಡಿಯಲ್ಲಿ ಎರಡನ್ನೂ ತೂಗುವವರು ಅಪರೂಪ.

ಬಿಲಿನ್‌ಸ್ಕಾಳ ಪಟದಲ್ಲಿ ನನಗೆ ಕಾಣುವುದು ಆ ಒಂದೇ ತಕ್ಕಡಿ. ಮುಖಕ್ಕೆ ಎಷ್ಟು ಗಮನ ಸಂದಿದೆಯೋ ಅಷ್ಟೇ ಗಮನ ಏಪ್ರನ್ನಿನ ಮಡಿಕೆಗೂ ಸಂದಿದೆ, ಕೈಗಳಿಗೂ ಸಂದಿದೆ. ಕಪ್ಪು ಬಟ್ಟೆಯನ್ನು ದುಃಖದ ಧ್ವಜವನ್ನಾಗಿ ಎತ್ತಿ ಹಿಡಿದಿಲ್ಲ; ಕಣ್ಣಂಚಿನಲ್ಲಿ ಒಂದು ಹನಿಯಿಲ್ಲ, ಮೇಜಿನ ಮೇಲೆ ಸತ್ತವರ ಭಾವಚಿತ್ರವಿಲ್ಲ, ಬಾಡಿದ ಹೂವಿಲ್ಲ. ಇವೆಲ್ಲ ಆ ಕಾಲದ ಚಿತ್ರಗಳಲ್ಲಿ ಸುಲಭವಾಗಿ ಸಿಗುತ್ತಿದ್ದ ಸಾಮಗ್ರಿಗಳು, ಬಳಸಿದ್ದರೆ ನೋಡುಗರ ಕಣ್ಣು ತೇವವಾಗುತ್ತಿತ್ತು. ದುಃಖಿತೆಯೊಬ್ಬಳು ಎದುರಿಗೆ ಬಂದು ಕುಳಿತಾಗ ಚಿತ್ರಕಾರಳು ಏನನ್ನು ಕಾಣುತ್ತಿದ್ದಳೋ ಅಷ್ಟನ್ನೇ ಬರೆದಿದ್ದಾಳೆ. ಒಳಗಿನ ದುಃಖ ತನಗೆ ಗೊತ್ತಿದೆಯೆಂಬ ಕಾರಣಕ್ಕೆ ಹೊರಗೆ ಒಂದು ಗೆರೆಯನ್ನೂ ಹೆಚ್ಚಾಗಿ ಸೇರಿಸಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ, ಏಳಬೇಕು ಕೂಡ. ಕುರ್ಚಿಯಲ್ಲಿ ಕುಳಿತ ಮಾತ್ರಕ್ಕೆ ಈಕೆ ರೂಪದರ್ಶಿಯಾದಳೆ? ಆ ಕಪ್ಪು ಮೈಯ ಮಹಿಳೆ ಹೊತ್ತಿನ ಅನ್ನಕ್ಕಾಗಿ ಕುಳಿತವಳು. ಹೇಳಿದಂತೆ ಕೂರಬೇಕು, ಹೇಳಿದಷ್ಟು ಹೊತ್ತು ಕೂರಬೇಕು. ಈಕೆ ಬೇಕೆಂದಾಗ ಏಳಬಲ್ಲವಳು, ಬೇಡವೆಂದರೆ ಪಟವನ್ನು ಕೆರೆದು ಹಾಕಬಲ್ಲವಳು. ಉಪವಾಸ ಮಾಡುವವನಿಗೂ ಉಪವಾಸ ಬೀಳುವವನಿಗೂ ಇರುವ ಅಂತರ ಇದು. ಈ ಆಕ್ಷೇಪಣೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಒಂದು ಮಾತನ್ನು ಮಾತ್ರ ಹೇಳಬಲ್ಲೆ. ಆಕೆ ತನ್ನ ಕುಂಚಗಳನ್ನು ಬಚ್ಚಿಟ್ಟು ಬಡ ರೂಪದರ್ಶಿಯ ವೇಷ ಹಾಕಿಕೊಂಡಿಲ್ಲ. ಕುಳಿತವಳೂ ತಾನೇ, ಬರೆಯುವವಳೂ ತಾನೇ ಎಂಬುದನ್ನು ಮುಚ್ಚಿಡದೆ ತೋರಿಸಿದ್ದಾಳೆ. ಅಂತರವಿದೆಯೆಂಬುದನ್ನು ಪಟವೇ ಒಪ್ಪಿಕೊಂಡಿದೆ.

ಎರಡನೆಯ ಆಕ್ಷೇಪಣೆ ಇನ್ನೂ ಸೂಕ್ಷ್ಮವಾದದ್ದು. ಕೆದರಿದ ಕೂದಲು, ಸಾದಾ ಕುರ್ಚಿ, ಮಾಸಿದ ಬಣ್ಣ, ಇವೂ ಒಂದು ಬಗೆಯ ಅಲಂಕಾರವೇ ಆಗಿರಬಾರದೇಕೆ? ಸರಳತೆಯ ಆಡಂಬರ ನಮಗೆ ಅಪರಿಚಿತವಲ್ಲ. ಹರಕು ಬಟ್ಟೆಯ ತೂತಿನಿಂದ ಇಣುಕಿ ನೋಡುವ ಗರ್ವವು ಪಟ್ಟೆಯ ಮಡಿಕೆಯಲ್ಲಿ ಮಲಗಿರುವ ಗರ್ವಕ್ಕಿಂತ ಹೆಚ್ಚು ಎಚ್ಚರವಾಗಿರುತ್ತದೆ. ಇದನ್ನು ತೀರ್ಮಾನಿಸಲು ಒಂದು ಅಡ್ಡದಾರಿಯಿದೆ. ಇದಕ್ಕೆ ತೀರ ಎದುರಾಗಿ ನಿಲ್ಲುವ ಇನ್ನೊಂದು ಚಿತ್ರವನ್ನು ಪಕ್ಕದಲ್ಲಿ ಇಟ್ಟು ನೋಡುವುದು.

ಆ ಇನ್ನೊಂದು ಚಿತ್ರವನ್ನು ಬರೆದವಳೂ ಪೋಲಿಷ್ ಮಹಿಳೆಯೇ. ಅವಳ ಹೆಸರು ತಮಾರಾ ದ ಲೆಂಪಿಕಾ, ವರ್ಷ 1929. ಬಿಲಿನ್‌ಸ್ಕಾಳಂತೆ ಅವಳೂ ಪ್ಯಾರಿಸ್ಸಿನಲ್ಲಿ ನೆಲೆಸಿದವಳು, ಆದರೆ ಕಾಲ ಬೇರೆ, ಗಾಳಿ ಬೇರೆ. ಜರ್ಮನಿಯ ‘ಡೀ ಡಾಮೆ’ ಎಂಬ ಮಹಿಳಾ ಪತ್ರಿಕೆಯ ಮುಖಪುಟಕ್ಕೆಂದು ಬರೆದ ಪುಟ್ಟ ಪಟದಲ್ಲಿ ಅವಳು ಹಸುರು ಬುಗಾಟಿ ಕಾರಿನ ಚಕ್ರ ಹಿಡಿದು ಕುಳಿತಿದ್ದಾಳೆ. ತಲೆಗೆ ಬಿಗಿಯಾದ ಟೊಪ್ಪಿಗೆ, ಕೈಗೆ ಚರ್ಮದ ಗವಸು, ಕೆಂಪು ತುಟಿ, ಅರೆಮುಚ್ಚಿದ ಕಣ್ಣಿನಲ್ಲಿ ತಣ್ಣನೆಯ ತಾತ್ಸಾರ. ವಾಸ್ತವದಲ್ಲಿ ಅವಳ ಬಳಿ ಇದ್ದದ್ದು ಬುಗಾಟಿಯಲ್ಲ. ಹಳದಿ ಬಣ್ಣದ ಸಣ್ಣ ರೆನೋ ಕಾರು. ಹುಟ್ಟಿದ ವರ್ಷವನ್ನೂ ಊರನ್ನೂ ಕೂಡ ಅವಳು ಮಬ್ಬುಮಬ್ಬಾಗಿಯೇ ಇಟ್ಟವಳು. ಇದನ್ನು ಸುಳ್ಳೆಂದು ತಳ್ಳಿಹಾಕುವುದು ಸುಲಭ. ಆದರೆ ವಿಚಾರ ಮಾಡಿದರೆ, ರಷ್ಯಾದ ಕ್ರಾಂತಿಯಲ್ಲಿ ಇದ್ದುದನ್ನೆಲ್ಲ ಕಳೆದುಕೊಂಡು ಓಡಿಬಂದ ಹೆಣ್ಣು, ಹೊಸ ಊರಿನಲ್ಲಿ ತನ್ನ ಬಣ್ಣದಿಂದಲೇ ಬದುಕು ಕಟ್ಟಿಕೊಂಡವಳು, ತಾನು ಏನಾಗಬೇಕೆಂದಿದ್ದಳೋ ಅದನ್ನು ಬರೆದಳು. ಅದು ಇರುವ ತನ್ನ ಚಿತ್ರವಲ್ಲ, ಬಯಸಿದ ತನ್ನ ಚಿತ್ರ. ಬಯಕೆಯೂ ಮನುಷ್ಯನ ಒಂದು ಅಂಗವೇ ಆದುದರಿಂದ ಅಲ್ಲಿಯೂ ಒಂದು ಸತ್ಯವಿದೆಯೆಂದು ಒಪ್ಪಬೇಕು.

ಎರಡನ್ನೂ ಜೊತೆಯಾಗಿಟ್ಟು ನೋಡಿದಾಗ ಹೊಳೆಯುವುದು ಇದು. ಲೆಂಪಿಕಾಳ ಚಿತ್ರದಲ್ಲಿ ನೋಡುಗನಿಗೆ ಒಂದು ಸ್ಥಾನವಿದೆ. ಅವನು ಬೆರಗಾಗಬೇಕು, ಕರುಬಬೇಕು, ದಾರಿ ಬಿಡಬೇಕು. ಅವನಿಲ್ಲದೆ ಆ ಚಿತ್ರ ಪೂರ್ತಿಯಾಗದು. ಆಡಂಬರಕ್ಕೆ, ಅದು ಸರಳತೆಯ ಆಡಂಬರವೇ ಆಗಿರಲಿ, ನೋಡುವವನೊಬ್ಬ ಬೇಕೇ ಬೇಕು. ಬಿಲಿನ್‌ಸ್ಕಾಳ ಕಣ್ಣುಗಳು ನೋಡುಗನಿಂದ ಏನನ್ನೂ ಬಯಸುವುದಿಲ್ಲ. ಮೆಚ್ಚು ಎನ್ನುವುದಿಲ್ಲ, ಮರುಗು ಎಂದೂ ಎನ್ನುವುದಿಲ್ಲ. ನಾವು ಪಟದ ಮುಂದಿನಿಂದ ಎದ್ದು ಹೋದರೂ ಆಕೆಯ ಕೆಲಸ ನಿಲ್ಲದು ಎನಿಸುತ್ತದೆ. ಆದುದರಿಂದ ಆಕೆಯ ಕೆದರಿದ ಕೂದಲನ್ನು ನಾನು ಅಲಂಕಾರವೆಂದು ಎಣಿಸಲಾರೆ. ಇದು ನನ್ನ ತೀರ್ಮಾನ. ಪಟದ ಪ್ರತಿಯನ್ನು ನೋಡಿ ಬೇರೆ ರೀತಿ ತೀರ್ಮಾನಿಸುವವರಿದ್ದರೆ ಅವರೊಡನೆ ಜಗಳವಿಲ್ಲ.

ಇನ್ನೊಂದು ವಿಷಯವನ್ನು ಮರೆಯಬಾರದು. ಕೆಲಸದ ಬಟ್ಟೆಯಲ್ಲಿಯೇ ತನ್ನನ್ನು ಬರೆದುಕೊಳ್ಳುವುದು ಆಗಿನ ಕಾಲದ ಹೆಣ್ಣುಮಗಳಿಗೆ ಸಣ್ಣ ಸಂಗತಿಯಾಗಿರಲಿಲ್ಲ. ಚಿತ್ರಕಲೆ ಒಳ್ಳೆಯ ಮನೆತನದ ಹುಡುಗಿಗೆ ಒಪ್ಪುವ ಹವ್ಯಾಸ. ಪಿಯಾನೊ ಬಾರಿಸುವಂತೆ, ಕಸೂತಿ ಹಾಕುವಂತೆ, ಮದುವೆಯಾಗುವ ತನಕ ಇರಲಿ ಎಂಬ ಭಾವನೆಯಿತ್ತು. ಏಪ್ರನ್ ಕಟ್ಟಿದವಳು ಹವ್ಯಾಸಿಯಲ್ಲ. ಅದು ಬಡಗಿಯ, ಕಮ್ಮಾರನ, ಅಡುಗೆಯವಳ ಉಡುಪಿನ ಸಾಲಿಗೆ ಸೇರಿದ್ದು. ನಾನು ಇಂಥವರ ಮಗಳು, ಇಂಥ ನಾಡಿನವಳು, ಇಷ್ಟು ನೊಂದವಳು ಎಂದು ಹೇಳಿಕೊಳ್ಳಲು ಆಕೆಗೆ ಎಲ್ಲ ಅವಕಾಶವೂ ಇತ್ತು. ಪಟದಲ್ಲಿ ಹೇಳಿರುವುದು ನಾನು ಈ ಕೆಲಸ ಮಾಡುವವಳು ಎಂಬಷ್ಟನ್ನೇ. ‘ನಾನು’ ಎಂಬುದನ್ನು ಬಿಟ್ಟುಬಿಡಬೇಕೆಂದು ಹೇಳುವ ನಾವು ಅದನ್ನು ಎಲ್ಲಿ ಇಡಬೇಕೆಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಆಕೆ ಅದನ್ನು ಮಾಡುವ ಕೆಲಸದೊಳಗೆ ಇಟ್ಟಳು.

ಮುಂದಿನ ಕಥೆ ಚಿಕ್ಕದು. 1889ರ ಪ್ಯಾರಿಸ್ ವಿಶ್ವಪ್ರದರ್ಶನದಲ್ಲಿಯೂ, 1891ರಲ್ಲಿ ಬರ್ಲಿನ್ನಿನಲ್ಲಿಯೂ ಆಕೆಗೆ ಪದಕಗಳು ಬಂದವು. 1892ರಲ್ಲಿ ಅಂತೋನಿ ಬೊಹ್ದನೋವಿಚ್ ಎಂಬ ವೈದ್ಯನನ್ನು ಮದುವೆಯಾಗಿ ವಾರ್ಸಾಗೆ ಹಿಂದಿರುಗಿದಳು. ಪ್ಯಾರಿಸ್ಸಿನಲ್ಲಿ ಎರಡು ಪಟ್ಟು ಶುಲ್ಕ ತೆತ್ತು ಕಲಿತ ವಿದ್ಯೆಯನ್ನು ತನ್ನ ನಾಡಿನ ಹೆಣ್ಣುಮಕ್ಕಳಿಗೆ ತಮ್ಮ ಊರಿನಲ್ಲಿಯೇ ಕಲಿಸಬೇಕೆಂದು ಶಾಲೆಯೊಂದನ್ನು ತೆರೆಯುವ ಸಂಕಲ್ಪ ಮಾಡಿದ್ದಳು. ಹೃದಯದ ಕಾಯಿಲೆ ಅದಕ್ಕೆ ಅವಕಾಶ ಕೊಡಲಿಲ್ಲ. 1893ರಲ್ಲಿ, ನಲ್ವತ್ತು ತುಂಬುವ ಮೊದಲೇ, ತೀರಿಕೊಂಡಳು. ಶಾಲೆ ತೆರೆಯಲಿಲ್ಲ. ಬಹಳ ವರ್ಷಗಳ ಕಾಲ ಆಕೆಯ ಹೆಸರನ್ನು ಬಲ್ಲವರು ವಿರಳವಾಗಿದ್ದರು. 2021ರಲ್ಲಿ ವಾರ್ಸಾದ ರಾಷ್ಟ್ರೀಯ ವಸ್ತುಸಂಗ್ರಹಾಲಯವು ಆಕೆಯ ಕೃತಿಗಳನ್ನು ಒಟ್ಟುಗೂಡಿಸಿ ದೊಡ್ಡ ಪ್ರದರ್ಶನವೊಂದನ್ನು ಏರ್ಪಡಿಸಿತು.

ತೀರಿಕೊಳ್ಳುವುದಕ್ಕೆ ಹಿಂದಿನ ವರ್ಷ, 1892ರಲ್ಲಿ, ಆಕೆ ಮತ್ತೊಮ್ಮೆ ಕನ್ನಡಿಯ ಎದುರಿಗೆ ಕುಳಿತು ತನ್ನ ಚಿತ್ರವನ್ನು ಬರೆಯತೊಡಗಿದ್ದಳು. ಈ ಬಾರಿ ಪಟ ದೊಡ್ಡದು, ಹಿಂದಿನದಕ್ಕಿಂತ ಎತ್ತರವಾದದ್ದು. ಅದು ಮುಗಿಯಲಿಲ್ಲ. ಅರ್ಧಕ್ಕೆ ನಿಂತ ಆ ಪಟವನ್ನು ಯಾರೂ ತುಂಬಿಸುವ ಸಾಹಸ ಮಾಡದೆ, ಇದ್ದ ಹಾಗೆಯೇ ವಾರ್ಸಾದಲ್ಲಿ ಇರಿಸಿದ್ದಾರೆ.